ನಿಮಗೂ ಗೊತ್ತಿಲ್ಲೇನ್ರೀ?

ಮಲಪ್ರಭೆಯ ದಂಡೆಯ ಒಂದು ಊರು. ಮಾರ್ಚ್ ತಿಂಗಳ ಬಿಸಿಲು ಹತ್ತು ಗಂಟೆಗೇ ಹೊಸ್ತಿಲು ದಾಟಿ ಪಡಸಾಲೆಗೆ ಬಂದಿತ್ತು. ನಾನು ಗೋಡೆಗೆ ಆತುಕೊಂಡು ಕೂತಿದ್ದೆ, ತೊಡೆಯ ಮೇಲೆ ಬಸುರಿಯರ ಗುಳಿಗೆಯೊಂದರ ಟ್ರಯಲ್ಲಿನ, ಅಂದರೆ ಔಷಧ ಪರೀಕ್ಷೆಯ, ಎಂಟು ಪುಟದ ಸಮ್ಮತಿ ಪತ್ರ. ಎದುರಿಗೆ ಅತ್ತೆ, ಎಲೆ ಅಡಿಕೆಯ ಸಂಚಿ ಬಿಚ್ಚಿಕೊಂಡು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮೂರು ತಿಂಗಳ ಬಸುರಿ, ಚೊಚ್ಚಲು. ಗಂಡ ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದ. ನಿಯಮದ ಪ್ರಕಾರ ನಾನು ಮಾತಾಡಬೇಕಾದ್ದು ಸೊಸೆಯ ಜೊತೆ. ಆದರೆ ಆ ಪಡಸಾಲೆಯಲ್ಲಿ ಕೂತು ಅತ್ತೆಯನ್ನು ದಾಟಿ ಸೊಸೆಯನ್ನು ಮಾತಾಡಿಸುವ ಉಪಾಯ ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಅತ್ತೆಗೆ ಹೇಳುವವಳ ಹಾಗೆ ದನಿ ಎತ್ತರಿಸಿ ಅಡುಗೆಮನೆಗೆ ಹೇಳುತ್ತಿದ್ದೆ. ಮುಖ್ಯವಾದ ಮಾತು ಬಂದಾಗಲೆಲ್ಲ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಅದರಿಂದಲೇ ಗೊತ್ತಾಗುತ್ತಿತ್ತು.

"ಅಲ್ರೀ ಬಾಯಾರ," ಅಂದಳು ಅತ್ತೆ, ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ. "ಎರಡು ನಮೂನಿ ಗುಳಿಗಿ ಅದಾವ ಅಂತೀರಿ. ಒಂದರಾಗ ಔಷಧ ಐತಿ, ಒಂದರಾಗ ಇಲ್ಲ ಅಂತೀರಿ. ಈಕಿಗೆ ಯಾವುದು ಕೊಡ್ತೀರಿ?"

"ಗೊತ್ತಿಲ್ರಿ ಅಮ್ಮಾರ. ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಕಂಪ್ಯೂಟರ್ ಒಂದು ನಂಬರ್ ಕೊಡ್ತೈತಿ, ಆ ನಂಬರಿನ ಡಬ್ಬಿ ಕೊಡ್ತೀವಿ."

"ನಿಮಗೂ ಗೊತ್ತಿಲ್ಲೇನ್ರೀ?" ಅಂದು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ, "ಮತ್ತ ಗೊತ್ತಿಲ್ಲದಾಕಿ ಇಷ್ಟು ದೂರ ಯಾಕ ಬಂದಿ?"

'ಬಂದ್ರಿ' ಹೋಗಿ 'ಬಂದಿ' ಆಗಿತ್ತು. ಒಂದು ಪ್ರಶ್ನೆಗೂ ಇನ್ನೊಂದು ಪ್ರಶ್ನೆಗೂ ನಡುವೆ ನಾನು ಬಾಯಾರ ಪಟ್ಟದಿಂದ ಇಳಿದು ಓಣಿಯ ಹುಡುಗಿಯಾಗಿಬಿಟ್ಟಿದ್ದೆ. ಆ ಮಾತು ಕೇಳಿ ಹಲವು ವರ್ಷಗಳಾದವು. ಹೆರಿಗೆ ಆರೈಕೆಯ ಮೇಲೆ ಕೆಲಸ ಮಾಡುತ್ತಲೇ ಇದ್ದೇನೆ, ಈಗ ಹಳ್ಳಿ ಸುತ್ತುವುದಕ್ಕಿಂತ ಲ್ಯಾಪ್‌ಟಾಪಿನ ಮುಂದೆ ಕೂರುವುದೇ ಹೆಚ್ಚು. ಆದರೂ ಆ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಹೋಗಿಲ್ಲ.

ಅವತ್ತು ನನ್ನನ್ನು ಕಾಪಾಡಿದ್ದು ಸೊಸೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು, "ನಮ್ಮ ಗುಡ್ಯಾಗ ಪ್ರಸಾದ ಕೇಳ್ತೀವಲ್ಲ ಅತ್ತಿ, ಬಲಕ್ಕ ಬಿದ್ದರ ಹೂಂ, ಎಡಕ್ಕ ಬಿದ್ದರ ಒಲ್ಲೆ. ಹಂಗ ಇರಬೇಕು" ಅಂದಳು. ಸಮ್ಮತಿ ಪತ್ರದಲ್ಲಿ ಅದಕ್ಕೆ 'ಯಾದೃಚ್ಛಿಕ ಹಂಚಿಕೆ' ಅಂತ ಬರೆದಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ, ಆ ಕನ್ನಡವನ್ನು ಮತ್ತೊಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ, ಎರಡೂ ತಾಳೆಯಾಗುತ್ತವೆ ಅಂತ ಸಮಿತಿಯ ಮುದ್ರೆ ಬಿದ್ದ ಶಬ್ದ ಅದು. ತಾಳೆಯೇನೋ ಆಗಿತ್ತು, ಅರ್ಥ ಆಗಿದ್ದು ಮಾತ್ರ ಅಡುಗೆಮನೆ ಬಾಗಿಲಲ್ಲಿ. (ಇನ್ನೊಂದು ಶಬ್ದದ ಕಥೆ: ಪತ್ರದ ತಲೆಯಲ್ಲೇ ದಪ್ಪಕ್ಷರದಲ್ಲಿ 'ಪ್ರಯೋಗ' ಅಂತಿತ್ತು. ನಮ್ಮ ಕಡೆ ಪ್ರಯೋಗ ಮಾಡಿಸುವುದು ಅಂದರೆ ಮಾಟ ಮಾಡಿಸುವುದು. ಆಶಾ ಕಾರ್ಯಕರ್ತೆ ಮೊದಲ ವಾರವೇ ನನ್ನನ್ನು ಬದಿಗೆ ಕರೆದು, "ಅಕ್ಕಾರ, ಆ ಮಾತು ಬಿಟ್ಟು ಬ್ಯಾರೆ ಏನರ ಅನ್ರಿ" ಅಂದಿದ್ದಳು. 'ಅಭ್ಯಾಸ' ಅಂದೆ, 'ಅಧ್ಯಯನ' ಅಂದೆ, ಕೊನೆಗೆ ಎಲ್ಲರೂ 'ಸರ್ವೆ' ಅಂದುಕೊಂಡರು.)

ಪ್ರಸಾದದ ಹೋಲಿಕೆ ಎಷ್ಟೋ ಮನೆಗಳಲ್ಲಿ ನನ್ನ ಕೈ ಹಿಡಿಯಿತು. ಆದರೂ ಅದನ್ನು ಹೇಳುವಾಗಲೆಲ್ಲ ಒಳಗೊಂದು ಮುಜುಗರ. ಪ್ರಸಾದ ಕೇಳುವವರಿಗೆ ದೇವರಿಗಾದರೂ ಗೊತ್ತು ಅನ್ನುವ ನಂಬಿಕೆ ಇರುತ್ತದೆ. ನಮ್ಮ ಚೀಟಿಯ ಹಿಂದೆ ಹಾಗೆ ಗೊತ್ತಿರುವವರು ಯಾರೂ ಇಲ್ಲ. ಯಾವ ಡಬ್ಬಿಯಲ್ಲಿ ಔಷಧ ಇದೆ ಅನ್ನುವುದು ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ, ಆ ಮಾತು ಬೇರೆ. ಆ ಔಷಧದಿಂದ ಒಳ್ಳೆಯದಾಗುತ್ತದೋ ಇಲ್ಲವೋ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಚೀಟಿ ಎತ್ತುವುದೇ ತಪ್ಪು. ಇಷ್ಟನ್ನು ಎಂಟು ಪುಟಗಳಲ್ಲಿ ಹೇಳಿದ್ದರು. 'ನಮಗೂ ಗೊತ್ತಿಲ್ಲ' ಅನ್ನುವ ಎರಡು ಶಬ್ದ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ.

ಕಣ್ಣಳತೆ

ಹೆರಿಗೆ ಕೋಣೆಯಲ್ಲಿ 'ಗೊತ್ತಿಲ್ಲ' ಅನ್ನುವವರೇ ಇರುವುದಿಲ್ಲ. ಡಾಕ್ಟರಿಗೆ ಗೊತ್ತು, ಸಿಸ್ಟರಿಗೆ ಗೊತ್ತು, ಬಾಗಿಲ ಹೊರಗೆ ಕೂತ ಅಜ್ಜಿಗೆ ಇವರಿಬ್ಬರಿಗಿಂತ ಚೆನ್ನಾಗಿ ಗೊತ್ತು. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್ 1979ರಲ್ಲಿ ವೈದ್ಯಕೀಯದ ಶಾಖೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಪುರಾವೆ ನೋಡದೆ ಕೆಲಸ ಮಾಡುವುದರಲ್ಲಿ ಪ್ರಸೂತಿಶಾಸ್ತ್ರವೇ ಎಲ್ಲಕ್ಕಿಂತ ಹಿಂದೆ ಅಂತ ಅದಕ್ಕೆ, ಕೊನೆಗೆ ಬಂದವರಿಗೆ ಗೇಲಿಗೆ ಕೊಡುವ ಮರದ ಸೌಟಿನ ಬಹುಮಾನ ಕೊಟ್ಟಿದ್ದ. ಅವನಿಗೆ ಸಿಟ್ಟಿದ್ದದ್ದು ಈ 'ಗೊತ್ತು' ಅನ್ನುವುದರ ಮೇಲೆಯೇ.

ನಾನು ಕಂಡ ಒಂದು 'ಗೊತ್ತು' ಹೇಳುತ್ತೇನೆ. ತಾಲ್ಲೂಕು ಮಟ್ಟದ ಒಂದು ಆಸ್ಪತ್ರೆ, ರಾತ್ರಿ ಪಾಳಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅನುಭವದ ಸಿಸ್ಟರ್, ಅವರ ಕೈಯಲ್ಲಿ ಹುಟ್ಟಿದ ಹುಡುಗಿಯರು ಅವರ ಕೈಯಲ್ಲೇ ಹಡೆಯಲು ಬರುತ್ತಿದ್ದರು. ಕೂಸು ಹೊರಬಂತು, ಅತ್ತಿತು. ಗರ್ಭದ ನೀರೆಲ್ಲ ಹರಿದುಹೋದ ಮೇಲೆ ಬಾಣಂತಿಯ ಸೊಂಟದ ಕೆಳಗೆ ಒಂದು ಪ್ಲಾಸ್ಟಿಕ್ ಹಾಸು ಸರಿಸಿ ಎರಡೂ ಬದಿಯ ದಾರ ಕಟ್ಟಿದೆವು. ಹಾಸಿನ ತುದಿ ಆಲಿಕೆಯ ಹಾಗೆ ಕಿರಿದಾಗಿ ಕೆಳಗೆ ಒಂದು ಚೀಲವಾಗಿ ಜೋತುಬೀಳುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಮಾಸ ಬಿತ್ತು. ಒಂದು ಗಂಟೆ ಕಳೆಯಿತು. ನಾನು ಚೀಲಕ್ಕೆ ಬಟ್ಟೆ ಮುಚ್ಚಿ, "ಸಿಸ್ಟರ್, ಎಷ್ಟು ಹೋಗಿರಬಹುದು?" ಅಂದೆ. ಅವರು ಬಾಣಂತಿಯ ಮುಖ, ಕೆಳಗಿನ ಬಟ್ಟೆ ನೋಡಿ, "ಇನ್ನೂರು. ಹೆಚ್ಚಂದ್ರ ಇನ್ನೂರೈವತ್ತು" ಅಂದರು. ಬಟ್ಟೆ ತೆಗೆದೆ. ರಕ್ತ ನಾಲ್ಕುನೂರರ ಗೆರೆ ದಾಟಿ ನಿಂತಿತ್ತು. ಸಿಸ್ಟರ್ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದರು, ಚೀಲವನ್ನು ಬೆರಳಿನಿಂದ ಒಮ್ಮೆ ತಟ್ಟಿದರು, ಗೆರೆಯೇ ತಪ್ಪಾಗಿರಬೇಕು ಅನ್ನುವ ಹಾಗೆ. ಏನೂ ಅನ್ನಲಿಲ್ಲ. ಅವರ ಹಿಂದಿನ ಟೇಬಲ್ಲಿನ ಮೇಲಿದ್ದ ಹೆರಿಗೆ ರಿಜಿಸ್ಟರಿನಲ್ಲಿ ರಕ್ತಸ್ರಾವದ ಕಾಲಮ್ಮು ಪುಟಗಟ್ಟಲೆ 200, 250, 200, 200. ಜೀವಮಾನವೆಲ್ಲ ಸರಿಯಾಗಿ ಕೆಲಸ ಮಾಡಿದ ಒಬ್ಬ ಹೆಂಗಸಿಗೆ ಆ ಹೊತ್ತಿನಲ್ಲಿ ಎಷ್ಟು ಹೆರಿಗೆ ನೆನಪಾಗಿರಬೇಕೋ. ಆ ಯೋಚನೆಗೇ ನನಗೆ ಅವರ ಮುಖ ನೋಡಲಾಗಲಿಲ್ಲ.

ಆ ಚೀಲದ ಕಥೆ ನಮ್ಮ ಬೆಳಗಾವಿಯದು. ಇದನ್ನು ಬೆಂಗಳೂರಿನ ಸ್ನೇಹಿತರಿಗೆ ಹೇಳಿದರೆ ಹೌದಾ ಅಂತ ಹುಬ್ಬೇರಿಸುತ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಟ್ರಯಲ್ ನಡೆಸಿದರು. ಮಿಸೊಪ್ರೊಸ್ಟಾಲ್ ಅನ್ನುವ ಗುಳಿಗೆ, ಹೆರಿಗೆಯಾದ ಕೂಡಲೇ ಬಾಯಲ್ಲಿ ನುಂಗುವಂಥದ್ದು. ಸಿರಿಂಜು ಬೇಡ, ಫ್ರಿಜ್ಜು ಬೇಡ. ಕೊಡುವವರು ಡಾಕ್ಟರಲ್ಲ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುವ ಎಎನ್‌ಎಂ, ಅಂದರೆ ಹಳ್ಳಿಯ ದಾದಿ. ಗುಳಿಗೆಯಿಂದ ರಕ್ತ ಕಡಿಮೆಯಾಯಿತಾ ಅಂತ ಹೇಳಬೇಕಾದರೆ ಮೊದಲು ಹೋದ ರಕ್ತ ಅಳೆಯಬೇಕಲ್ಲ? ಹಳ್ಳಿಯ ಮನೆಯ ನೆಲದ ಮೇಲೆ, ಲಾಟೀನಿನ ಬೆಳಕಲ್ಲಿ? ಅದಕ್ಕಾಗಿ ಹುಟ್ಟಿದ್ದು ಈ ಹಾಸು. ರೂಪಿಸಿದ ಏಳು ಮಂದಿಯ ಹೆಸರಿನ ಮೊದಲಕ್ಷರ ಕೂಡಿಸಿ 'ಬ್ರಾಸ್-ವಿ' ಅಂತ ಹೆಸರಿಟ್ಟರು. ಅದನ್ನೂ ಕಣ್ಣಂದಾಜನ್ನೂ ಎದುರುಬದುರು ಇಟ್ಟು 123 ಹೆರಿಗೆಗಳಲ್ಲಿ ನೋಡಿದಾಗ ಚೀಲಕ್ಕಿಂತ ಕಣ್ಣು ಶೇಕಡ 33ರಷ್ಟು ಕಡಿಮೆ ಹೇಳುತ್ತಿತ್ತು. ನನ್ನ ಸಿಸ್ಟರ್ ಒಬ್ಬರೇ ಅಲ್ಲ, ಎಲ್ಲರ ಕಣ್ಣೂ ಹಾಗೆಯೇ. ರಕ್ತ ಬಟ್ಟೆ ಕುಡಿಯುತ್ತದೆ, ನೀರಿನಲ್ಲಿ ಬೆರೆಯುತ್ತದೆ, ಟೇಬಲ್ಲಿನ ಅಂಚಿನಿಂದ ಬಕೆಟ್ಟಿಗೆ ಇಳಿಯುತ್ತದೆ. ಹಳೆಯ ಸೂಲಗಿತ್ತಿಯರು "ಎರಡು ಸೀರಿ ತೊಯ್ದವು" ಅನ್ನುತ್ತಿದ್ದರು. 'ಇನ್ನೂರು' ಅನ್ನುವುದಕ್ಕಿಂತ ಅದೇ ವಾಸಿ ಅಂತ ನನ್ನ ಗುಮಾನಿ. ಎಷ್ಟು ಅಂತ ಹೇಳದಿದ್ದರೂ ಹೆಚ್ಚಾಯಿತು ಅಂತ ಹೇಳುತ್ತದೆ.

ಹೆರಿಗೆಯ ನಂತರ 500 ಮಿಲಿಲೀಟರ್ ದಾಟಿದರೆ ಅಪಾಯ ಅಂತ ಪುಸ್ತಕದ ಲೆಕ್ಕ. ಮೈತುಂಬ ರಕ್ತ ಇದ್ದವಳ ಲೆಕ್ಕ ಅದು. ನಮ್ಮ ರಾಜ್ಯದ ಬಸುರಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ರಕ್ತಹೀನತೆಯವರು, ಹಿಮೋಗ್ಲೋಬಿನ್ ಏಳಕ್ಕೆ ಇಳಿದವಳಿಗೆ ನಾಲ್ಕುನೂರೇ ಸಾಕು.

ಆ ಟ್ರಯಲ್ಲಿನ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1,620 ಹೆಂಗಸರು. ಹುಸಿಗುಳಿಗೆ ನುಂಗಿದವರಲ್ಲಿ ಶೇಕಡ 12 ಮಂದಿಗೆ ಅತಿ ರಕ್ತಸ್ರಾವ, ಔಷಧ ನುಂಗಿದವರಲ್ಲಿ 6.4. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಳಿಗೆಯನ್ನು ಹೆರಿಗೆಯ ರಕ್ತಸ್ರಾವ ತಡೆಯಲು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಕಡೆಯ ಹೊಲ, ಗದ್ದೆ, ಕಬ್ಬಿನ ಪಡ ದಾಟಿ ಓಡಾಡಿದ ಎಎನ್‌ಎಂಗಳ ಕೆಲಸ ಅದು, ಹೆಮ್ಮೆಪಡದೆ ಇರಲಾರೆ. ಆದರೆ ಓದುವಾಗ ಕಣ್ಣು ನಿಲ್ಲುವುದು ಇನ್ನೊಂದು ಅಂಕಿಯ ಮೇಲೆ. ಹುಸಿಗುಳಿಗೆಯ ಪಾಲಿಗೆ ಬಂದವರು 808 ಮಂದಿ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೆಲಸ ಮಾಡುತ್ತದೆ ಅಂತ ಆಗಲೇ ಗೊತ್ತಿತ್ತು. ಆದರೆ ಹಳ್ಳಿಯ ಎಎನ್‌ಎಂಗೆ ಅದನ್ನು ಕೊಡುವ ಅಧಿಕಾರ ಇರಲಿಲ್ಲ, ಟ್ರಯಲ್ ಇಲ್ಲದಿದ್ದರೂ ಆ ಮನೆಗಳಲ್ಲಿ ಯಾವ ಔಷಧವೂ ಸಿಗುತ್ತಿರಲಿಲ್ಲ. ಹಾಗಾಗಿ ಹುಸಿಗುಳಿಗೆ ಸರಿಯೇ ಅಂತ ಒಂದು ವಾದ. ಹಾಗಾದರೆ ಎಎನ್‌ಎಂಗೆ ಚುಚ್ಚುವ ಅಧಿಕಾರ ಕೊಡುವುದು ಮೊದಲ ಕೆಲಸವಾಗಿರಲಿಲ್ಲವೇ ಅಂತ ಇನ್ನೊಂದು. ನಾನು ಎರಡೂ ಕಡೆ ಒಂದೊಂದು ದಿನ ನಿಲ್ಲುತ್ತೇನೆ. ಈ ವಾರ ಎರಡನೆಯದರ ಕಡೆ ಇದ್ದೇನೆ.

ಅಳೆಯಲೆಂದು ಮಾಡಿದ ಚೀಲವೇ ಆಮೇಲೆ ಮದ್ದಾಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ ನಡೆದ 'ಇ-ಮೋಟಿವ್' ಟ್ರಯಲ್, ಫಲಿತಾಂಶ 2023ರಲ್ಲಿ. ಎರಡು ಲಕ್ಷಕ್ಕೂ ಮೀರಿದ ಹೆರಿಗೆಗಳು. ಹೊಸ ಔಷಧ ಒಂದೂ ಇಲ್ಲ. ಇದೇ ಜಾತಿಯ ಗೆರೆ ಹಾಕಿದ ಚೀಲ ಕಟ್ಟುವುದು, ಗೆರೆ ದಾಟಿದ ಕೂಡಲೇ ಹೊಟ್ಟೆ ನೀವುವುದು, ಗರ್ಭಕೋಶ ಬಿಗಿಯಾಗುವ ಔಷಧ, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಸಲೈನು, ಎಲ್ಲಿಂದ ಸುರಿಯುತ್ತಿದೆ ಅಂತ ಪರೀಕ್ಷೆ. ಒಂದಾದ ಮೇಲೊಂದು ಮಾಡಿ ಕಾದು ನೋಡುವ ಬದಲು ಎಲ್ಲ ಒಟ್ಟಿಗೆ. ಒಂದು ಲೀಟರು ದಾಟುವ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವು, ಇವೆಲ್ಲ ಕೂಡಿ 4.3 ಇದ್ದ ಶೇಕಡಾವಾರು 1.6ಕ್ಕೆ ಇಳಿಯಿತು. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವ ಆದ ಹೆಂಗಸರಲ್ಲಿ ಅರ್ಧದಷ್ಟು ಮಂದಿಯದು ಯಾರ ಕಣ್ಣಿಗೂ ಬಿದ್ದೇ ಇರಲಿಲ್ಲ. ಅಲ್ಲೂ ಒಂದು ರಿಜಿಸ್ಟರ್ ಇದ್ದಿರಬೇಕು, 200, 250, 200.

ಒಳ್ಳೆಯ ಮದ್ದು

ಇಷ್ಟು ಹೇಳಿದರೆ ಟ್ರಯಲ್ ಅಂದರೆ ಒಳ್ಳೆಯ ಸುದ್ದಿ ತರುವ ಯಂತ್ರ ಅನ್ನಿಸೀತು. ನನ್ನನ್ನು ಈ ಕೆಲಸದಲ್ಲಿ ಹಿಡಿದಿಟ್ಟಿರುವುದು ಕೆಟ್ಟ ಸುದ್ದಿ ತಂದ ಒಂದು ಟ್ರಯಲ್.

ಅವಧಿಗೆ ಮುಂಚೆ ಹೆರಿಗೆ ಆಗುವ ಸೂಚನೆ ಕಂಡರೆ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ಕೂಸಿನ ಶ್ವಾಸಕೋಶ ಬೇಗ ಬಲಿಯಲಿ ಅಂತ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗ್ಗಿನ್ಸ್ ಅನ್ನುವ ವೈದ್ಯ ಕುರಿಗಳ ಮೇಲೆ ಬೇರೇನೋ ಹುಡುಕುತ್ತಿದ್ದಾಗ, ಬದುಕಲಾರದಷ್ಟು ಮುಂಚೆ ಹುಟ್ಟಿದ ಮರಿ ಉಸಿರಾಡುತ್ತಿರುವುದನ್ನು ಕಂಡ. ಹೋವಿ ಅನ್ನುವ ಮಕ್ಕಳ ವೈದ್ಯನ ಜೊತೆ ತಾಯಂದಿರ ಮೇಲೆ ಟ್ರಯಲ್ ಮಾಡಿ 1972ರಲ್ಲಿ ಪ್ರಕಟಿಸಿದ. ಒಳ್ಳೆಯ ಫಲಿತಾಂಶ. ಆದರೂ ವೈದ್ಯರು ಇಪ್ಪತ್ತು ವರ್ಷ ಅದನ್ನು ಬಳಸಲು ಹಿಂದುಮುಂದು ನೋಡಿದರು. ನಡುವೆ ನಡೆದ ಸಣ್ಣಸಣ್ಣ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ದರೆ ಉತ್ತರ ಮೊದಲೇ ಸಿಗುತ್ತಿತ್ತು, ಯಾರೂ ಇಡಲಿಲ್ಲ. ಆ ಹೊತ್ತಿಗೆ ಎಷ್ಟು ಕೂಸುಗಳು ಹೋದವೋ. ಈ ನಾಚಿಕೆಯ ನೆನಪಿಗೆ ಟ್ರಯಲ್‌ಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರನ್ ಹೆಸರಿನ ಸಂಸ್ಥೆ ತನ್ನ ಲಾಂಛನದಲ್ಲಿ ಆ ಟ್ರಯಲ್‌ಗಳ ಗೆರೆಗಳನ್ನೇ ಬಿಡಿಸಿಕೊಂಡಿದೆ. ಪುರಾವೆ ಆಧಾರಿತ ವೈದ್ಯಕೀಯ ಅನ್ನುವ ಇಡೀ ಮತಕ್ಕೆ ಲಿಂಗದ ಹಾಗೆ ಈ ಚುಚ್ಚುಮದ್ದು.

ಹೀಗಿರುವಾಗ ಬಡ ದೇಶಗಳ ಹಳ್ಳಿಗಳಿಗೂ ಇದನ್ನು ಮುಟ್ಟಿಸೋಣ ಅಂತ ಆರು ದೇಶಗಳಲ್ಲಿ 'ಆಕ್ಟ್' ಟ್ರಯಲ್ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ. ಸುಮಾರು ಒಂದು ಲಕ್ಷ ಹೆರಿಗೆ. ಔಷಧದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಸಿಗದವರಿಗೆ ಸಿಗುವ ಹಾಗೆ ಮಾಡುವುದು ಹೇಗೆ ಅನ್ನುವುದಷ್ಟೇ ಪ್ರಶ್ನೆ. ಫಲಿತಾಂಶ ಬಂದಾಗ, ಯಾರಿಗಾಗಿ ಕೊಟ್ಟರೋ ಆ ಪುಟ್ಟ ಕೂಸುಗಳ ಸಾವು ಇಳಿದಿರಲಿಲ್ಲ. ಒಟ್ಟಾರೆ ನೋಡಿದರೆ, ಚುಚ್ಚುಮದ್ದನ್ನು ಹರಡಿದ ಊರುಗಳಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ 27.4, ಹರಡದ ಊರುಗಳಲ್ಲಿ 23.9. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು. ಒಳ್ಳೆಯದು ಅಂತ ಮನೆಬಾಗಿಲಿಗೆ ಒಯ್ದದ್ದು ಕೆಟ್ಟದ್ದು ಮಾಡಿತ್ತು.

ಯಾಕೆ ಅನ್ನುವುದಕ್ಕೆ ಹಲವರು ಹಲವು ಹೇಳುತ್ತಾರೆ. ನನಗೆ ಬೇಗ ಅರ್ಥವಾಗುವ ಒಂದು ಕಾರಣ ದಿನಗಳ ಲೆಕ್ಕ. ಎಷ್ಟು ತಿಂಗಳ ಬಸುರಿ ಅಂತ ಹಳ್ಳಿಯಲ್ಲಿ ಕೇಳಿ ನೋಡಿ. "ಬನಶಂಕರಿ ಜಾತ್ರಿ ಆಗಿ ಎಂಟು ದಿನಕ್ಕ ಹೊರಗ ಕುಂತಿದ್ದೆ" ಅಂದವಳು ಪುಣ್ಯಾತ್ಗಿತ್ತಿ. ಬನದ ಹುಣ್ಣಿಮೆ ಹಿಡಿದು ಎಣಿಸಬಹುದು. "ಕಡ್ಲಿ ಕೀಳೂ ಮುಂದ" ಅಂದರೆ ಮೂರು ವಾರ ಹಿಂದೆಮುಂದೆ. ಹೊಲಮನೆ ಕೆಲಸದಲ್ಲಿ ತಾರೀಖು ಯಾರು ಬರೆದಿಡುತ್ತಾರೆ? ಆ ಟ್ರಯಲ್ಲಿನಲ್ಲಿ ತಾರೀಖು ಗೊತ್ತಿಲ್ಲದವರಿಗೆ ಬಣ್ಣಬಣ್ಣದ ಟೇಪು ಇಟ್ಟು ಹೊಟ್ಟೆಯ ಎತ್ತರ ಅಳೆದು ಅಂದಾಜು ಮಾಡುತ್ತಿದ್ದರು. ಕಡೆಗೆ ನೋಡಿದರೆ ಚುಚ್ಚುಮದ್ದು ಪಡೆದ ಬಹುಪಾಲು ಹೆಂಗಸರ ಕೂಸು ಸಣ್ಣದಿರಲೇ ಇಲ್ಲ. ಬೇಕಿಲ್ಲದವರಿಗೆ ಹೋಗಿತ್ತು. ಬೇಕಾದವರ ಕೂಸು ಹುಟ್ಟಿದ ಮೇಲೆ ನೋಡಿಕೊಳ್ಳಲು ಆಕ್ಲೆಂಡಿನಲ್ಲಿ ಇದ್ದದ್ದು ನಮ್ಮ ಉಪಕೇಂದ್ರದಲ್ಲಿ ಇರಲಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ವಾರ ಖಾತ್ರಿಪಡಿಸಿಕೊಂಡು, ಕೂಸಿನ ಆರೈಕೆ ಇರುವ ಕಡೆ ಮಾತ್ರ ಮತ್ತೆ ನೋಡಿದಾಗ ಅದೇ ಔಷಧದ ಜಾತಿ ಕೂಸುಗಳನ್ನು ಉಳಿಸಿತು. 2020ರ ಮಾತು. ಸಾವು ಶೇಕಡ 23.5ರಿಂದ 19.6ಕ್ಕೆ ಇಳಿಯಿತು, ಟ್ರಯಲ್ಲನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಕೊಡಬಹುದು ಅಂದರು.

ಯಾರಾದರೂ 'ಇದು ಒಳ್ಳೇದು ಅಂತ ಗೊತ್ತಿರುವಾಗ ಯಾಕೆ ಟ್ರಯಲ್' ಅಂದಾಗಲೆಲ್ಲ ನನಗೆ 27.4 ನೆನಪಾಗುತ್ತದೆ. ಟ್ರಯಲ್ ಮಾಡದೆ ಸರ್ಕಾರಿ ಆದೇಶ ಹೊರಡಿಸಿ ಎಲ್ಲ ಊರಿಗೂ ಹರಡಿದ್ದರೆ ಆ ಹೆಚ್ಚಿನ ಸಾವುಗಳು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಹಣೆಬರಹ ಅನ್ನುತ್ತಿದ್ದರು.

ತವರಿಗೆ ಹೋದಳು

ನಾನು ಕೆಲಸ ಮಾಡಿದ್ದು ಇವ್ಯಾವುದರಲ್ಲೂ ಅಲ್ಲ, ಇವಕ್ಕಿಂತ ಬಹಳ ಸಣ್ಣದೊಂದರಲ್ಲಿ. ಹೆಸರು ಹೇಳುವುದಿಲ್ಲ. ಅದರಲ್ಲಿ ಕಲಿತದ್ದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಏಳನೇ ತಿಂಗಳಲ್ಲಿ ಕುಬಸ ಆಗುತ್ತದೆ, ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ. ಇದು ಓಣಿಯ ನಾಯಿಗೂ ಗೊತ್ತಿರುವ ವಿಷಯ. ನಮ್ಮ ಪ್ರೋಟೋಕಾಲಿಗೆ ಗೊತ್ತಿರಲಿಲ್ಲ. ಅದು ಹೆಂಗಸಿಗೆ ಒಂದೇ ವಿಳಾಸ ಇರುತ್ತದೆ ಅಂತ ನಂಬಿತ್ತು. ಪಟ್ಟಿ ಹಿಡಿದು ಮನೆಗೆ ಹೋದರೆ "ತವರಿಗೆ ಹೋದಳ್ರಿ", ಎಲ್ಲಿ ಅಂದರೆ ಜತ್ತ, ಸೊಲ್ಲಾಪುರದ ಕಡೆ, ಇಲ್ಲವೇ ಸಿಂದಗಿ ದಾಟಿ ಎಲ್ಲೋ. ಫೋನ್ ನಂಬರ್ ಕೊಟ್ಟದ್ದು ಗಂಡನದು, ಗಂಡ ಗೋವಾದಲ್ಲಿ. ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ 'ಸಂಪರ್ಕ ತಪ್ಪಿದವರು' ಅಂತ ಕೆಂಪು ಬಣ್ಣ ಬರುತ್ತಿತ್ತು. ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಅವ್ವನ ಕೈಯಡುಗೆ ಉಣ್ಣುತ್ತಿದ್ದಳು, ಇಲ್ಲಿ ನಾವು ಕಳೆದುಹೋದಳು ಅಂತ ಬರೆಯುತ್ತಿದ್ದೆವು. ಎರಡನೇ ವರ್ಷ ನಮ್ಮ ಫಾರ್ಮಿನಲ್ಲಿ ಒಂದು ಕಾಲಮ್ಮು ಹೆಚ್ಚಾಯಿತು, 'ತವರುಮನೆ ವಿಳಾಸ'. ಒಬ್ಬ ಆಶಾ ಕಾರ್ಯಕರ್ತೆ ಬೇಸತ್ತು ಹಾಕಿಸಿದ್ದು. ಯಾವ ತಜ್ಞರಿಗೂ ಅದು ಹೊಳೆದಿರಲಿಲ್ಲ.

ಗುಳಿಗೆ ಎಣಿಸುವುದು ಇನ್ನೊಂದು ಕಥೆ. ಎರಡು ವಾರಕ್ಕೊಮ್ಮೆ ಹೋಗಿ ಡಬ್ಬಿಯಲ್ಲಿ ಎಷ್ಟು ಉಳಿದಿವೆ ಅಂತ ಎಣಿಸಬೇಕು, ನುಂಗಿದ ಲೆಕ್ಕ ಅದರಿಂದಲೇ. ಒಂದು ಮನೆಯಲ್ಲಿ ಪ್ರತಿ ಸಲವೂ ಲೆಕ್ಕ ಕರಾರುವಾಕ್ಕು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ನಾನು ಮೆಚ್ಚಿ ಹೊಗಳಿದೆ. ಮಳೆಗಾಲದಲ್ಲಿ ಒಮ್ಮೆ ಹಿತ್ತಲಿಗೆ ಕೈತೊಳೆಯಲು ಹೋದರೆ ಕರಿಬೇವಿನ ಗಿಡದ ಬುಡದಲ್ಲಿ ಬಿಳಿ ಗುಳಿಗೆಗಳು ನೆನೆದು ಸುಣ್ಣದ ಹಾಗೆ ಕದಡಿದ್ದವು. ಹುಡುಗಿ ಹಿಂದೆಯೇ ಬಂದು ನಿಂತಿದ್ದಳು. "ಉಳಿದ್ರ ನಿಮಗ ಬ್ಯಾಸರ ಆಕ್ಕೈತಿ ಅಂತ, ಅಕ್ಕಾರ" ಅಂದಳು. ಗುಳಿಗೆ ತೊಗೊಂಡರೆ ಅವಳಿಗೆ ವಾಕರಿಕೆ ಬರುತ್ತಿತ್ತು. ಬೇಡ ಅನ್ನುವ ಹಕ್ಕು ನಿನಗೆ ಯಾವಾಗಲೂ ಇದೆ ಅಂತ ಐದನೇ ಪುಟದಲ್ಲಿ ಓದಿ ಹೇಳಿದ್ದೆ, ಸಹಿ ಮಾಡಿಸಿಕೊಂಡಿದ್ದೆ. ಮನೆಗೆ ಬಂದ ಬಾಯಾರಿಗೆ ಎದುರಾಡಬಾರದು ಅನ್ನುವುದನ್ನು ಅವಳು ಅದಕ್ಕಿಂತ ಬಹಳ ಮೊದಲೇ ಕಲಿತಿದ್ದಳು. ಅವಳ ಹೆಸರಿನ ಮುಂದಿನ ನೂರಕ್ಕೆ ನೂರನ್ನು ತಿದ್ದಿ ಬರೆದೆ, ಕಾರಣ ಬರೆದೆ. ಬೇರೆ ಎಷ್ಟು ಹಿತ್ತಲುಗಳಿಗೆ ನಾನು ಹೋಗಿಲ್ಲವೋ.

ಇದನ್ನೆಲ್ಲ ಹೇಳಿದರೆ ಕೆಲವರು, ಅದಕ್ಕೇ ಬಸುರಿಯರ ಗೋಜಿಗೆ ಹೋಗಬಾರದು ಅನ್ನುತ್ತಾರೆ. ಬಸುರಿಯರು ನುಂಗಿದ ಗುಳಿಗೆಯಿಂದ ಕೂಸುಗಳು ಅಂಗ ಊನವಾಗಿ ಹುಟ್ಟಿದ ಥಾಲಿಡೊಮೈಡ್ ದುರಂತದ ನಂತರ ಜಗತ್ತು ಮಾಡಿದ್ದೂ ಅದನ್ನೇ, ಅವರನ್ನು ಟ್ರಯಲ್‌ಗಳಿಂದ ಹೊರಗಿಟ್ಟಿತು. ಹೊರಗಿಟ್ಟರೆ ಏನಾಗುತ್ತದೆ ಅಂತ 2021ರಲ್ಲಿ ಕಂಡೆವು. ಕೋವಿಡ್ ಲಸಿಕೆಯ ಮೊದಲ ಟ್ರಯಲ್‌ಗಳಲ್ಲಿ ಗರ್ಭಿಣಿಯರು ಇರಲಿಲ್ಲ, ಹಾಗಾಗಿ ಕೊಡಬಹುದೋ ಬಾರದೋ ಯಾರೂ ಹೇಳರು. ಇಲ್ಲಿ ಅನುಮತಿ ಸಿಕ್ಕಿದ್ದು ಜುಲೈನಲ್ಲಿ, ಎರಡನೇ ಅಲೆ ಬಡಿದು ಹೋದ ಮೇಲೆ.

ನನ್ನ ಹೆರಿಗೆಯ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೆಸರು ಬೇಡ, ದೊಡ್ಡ ಊರಿನ ದೊಡ್ಡ ಆಸ್ಪತ್ರೆ. ನೋವು ಶುರುವಾಗಿ ಎರಡು ಗಂಟೆಗೆ ಎನಿಮಾ ಕೊಟ್ಟರು, ಸಲೈನಿಗೆ ಏನೋ ಸೇರಿಸಿದರು, ಕೊನೆಗೆ ಕೂಸು ಬರುವ ದಾರಿಗೆ ಕತ್ತರಿ ಹಾಕಿದರು. "ಏನದು ಸಿಸ್ಟರ್?" ಅಂದೆ. "ಸುಮ್ಮನಿರಿ, ನಿಮ್ಮ ಒಳ್ಳೇದಕ್ಕೇ" ಅಂದರು. ಎನಿಮಾದಿಂದ ಉಪಯೋಗವಿಲ್ಲ, ಎಲ್ಲರಿಗೂ ಕತ್ತರಿ ಹಾಕುವುದು ಬೇಕಿಲ್ಲ ಅಂತ ಟ್ರಯಲ್‌ಗಳು ಎಂದೋ ಹೇಳಿವೆ, ನಾನೇ ಕ್ಲಾಸಿನಲ್ಲಿ ಪಾಠ ಮಾಡಿದ್ದೆ. ಮೇಜಿನ ಮೇಲೆ ಮಲಗಿದಾಗ ಬಾಯಿಂದ ಬಂದದ್ದು "ಹೂಂ ಸಿಸ್ಟರ್". ಗೊತ್ತಿಲ್ಲದ ಒಂದು ಗುಳಿಗೆ ಕೊಡಲು ನನ್ನಿಂದ ಎಂಟು ಪುಟ ಓದಿಸುತ್ತಾರೆ. ಗೊತ್ತು ಅಂದುಕೊಂಡು ಮಾಡುವ ಕೆಲಸಕ್ಕೆ ಒಂದು ಮಾತೂ ಕೇಳುವುದಿಲ್ಲ.

ಹಿಂದಿರುಗಿ

ನಮ್ಮ ಟ್ರಯಲ್ ಮುಗಿಯಿತು, ಫಲಿತಾಂಶ ಬಂತು, ಪೇಪರ್ ಆಯಿತು, ಸಭೆಯಲ್ಲಿ ಹೂಗುಚ್ಛ ಕೊಟ್ಟರು. ಗುಳಿಗೆ ನುಂಗಿದವರಿಗೆ ಏನಾಯಿತು ಅಂತ ಹೇಳಲು ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಕೇಳಿದೆ. 'ಮುಂದಿನ ಪ್ರಾಜೆಕ್ಟಿನಲ್ಲಿ ಸೇರಿಸೋಣ' ಅಂದರು. ಒಂದು ಭಾನುವಾರ ಒಂದೇ ಪುಟದಲ್ಲಿ, ಯಾವ ಸಮಿತಿಗೂ ತೋರಿಸದ ಕನ್ನಡದಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಬಸ್ಸು ಹತ್ತಿದೆ. ಇಪ್ಪತ್ತು ಮನೆಗೂ ಮುಟ್ಟಿಸಲಾಗಲಿಲ್ಲ.

ಆ ಪಡಸಾಲೆ ಹಾಗೇ ಇತ್ತು. ಅತ್ತೆಗೆ ಮುಂದಿನ ಎರಡು ಹಲ್ಲು ಹೋಗಿದ್ದವು, ಅಡಿಕೆಯನ್ನು ಈಗ ಕುಟ್ಟಾಣಿಯಲ್ಲಿ ಕುಟ್ಟುತ್ತಿದ್ದಳು. ಮೊಮ್ಮಗಳು ಅಂಗನವಾಡಿಯಿಂದ ಬಂದು ಹೊಸ್ತಿಲ ಮೇಲೆ ಕೂತು ಶೇಂಗಾ ಚಿಕ್ಕಿ ತಿನ್ನುತ್ತಿತ್ತು. ಪುಟವನ್ನು ಓದಿ ಹೇಳಿದೆ. ಪೂರ್ತಿ ಕೇಳಿದಳು.

"ಅದೆಲ್ಲ ಖರೆ. ನಮ್ಮಾಕಿಗೆ ಯಾವುದು ಬಂದಿತ್ತು? ಔಷಧ ಇದ್ದದ್ದೋ, ಇಲ್ಲದ್ದೋ?"

ಆ ಪಟ್ಟಿ ನಮ್ಮಂಥ ಕ್ಷೇತ್ರದವರ ಕೈಗೆ ಬರುವುದಿಲ್ಲ. "ಅದು ನನಗ ಗೊತ್ತಿಲ್ರಿ ಅಮ್ಮಾರ."

"ಇನ್ನೂ ಗೊತ್ತಿಲ್ಲೇನ!" ಅಂದು ಇದ್ದ ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಒಳಗೆ ತಿರುಗಿ, "ಏ, ಗೊತ್ತಿಲ್ಲದ ಬಾಯಾರು ಬಂದಾರ, ಚಾ ಇಡು" ಅಂದಳು.

ಸೊಸೆ ಚಹಾ ತಂದಿಟ್ಟು ಪುಟ ತೊಗೊಂಡಳು. ಬಾಗಿಲ ಬೆಳಕಿಗೆ ಹಿಡಿದು, ತುಟಿ ಆಡಿಸುತ್ತ ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಟ್ರಂಕು ತೆಗೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ತಾಯಿ ಕಾರ್ಡ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಅದರೊಳಗೆ ಇಟ್ಟಳು.